ಅಲ್ಲಾಡದ ಗೋಡೆ

"ಯಾಕೆ?" ಎಂದ ತಿಗ್ರಾನ್, ಸಂದರ್ಶನ ಮಾಡುವವನ ಗತ್ತಿನಲ್ಲಿ, ಮತ್ತೊಂದು ಸಲ.

ಯೆಸೆನಿಯಾ ಫ್ರಿಜ್ಜಿನ ಪಕ್ಕದಲ್ಲಿ ನಿಂತು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಫ್ರಿಜ್ಜಿನ ಬಾಗಿಲ ತುಂಬ ಅವಳೇ ಬರೆದ ಚಿತ್ರಗಳು. ನಡುವೆ ದೊಡ್ಡದೊಂದು: ಒಂದು ತುದಿ ಗೋಡೆಯೊಳಗೆ ಹೂತ ತೊಲೆ, ಇನ್ನೊಂದು ತುದಿ ಗಾಳಿಯಲ್ಲಿ, ಆ ತುದಿಯ ಮೇಲೆ ಭಾರ ತೋರಿಸುವ ಬಾಣ. ಬೋರ್ಡಿಗೆ ಯಾಕೆ ದುಡ್ಡು ದಂಡ, ಇದೇ ಸಾಕು ಎಂದುಕೊಂಡಿದ್ದಳು. ಈಗ ಹಾಲು ತೆಗೆಯಲು ಹೋದರೂ ಲೆಕ್ಕವೇ ಕಣ್ಣಿಗೆ ಬೀಳುತ್ತಿತ್ತು.

"ಪಂಪು ಅದುರೋ ವೇಗ, ಅದರ ಪೈಪು ಹಿಡಿದಿಟ್ಟಿದ್ದ ಕ್ಲಾಂಪು ಅದುರೋ ವೇಗ ಎರಡೂ ಒಂದೇ ಆಗ್ಬಿಡ್ತು. ಅದಕ್ಕೇ ಕ್ಲಾಂಪು ಸೀಳಿಹೋಯ್ತು."

"ನಿನ್ನ ಲೆಕ್ಕದಲ್ಲಿ ಅದು ಮೊದಲೇ ಯಾಕೆ ಕಾಣಲಿಲ್ಲ?"

"ಬೋಲ್ಟು ಹಾಕಿದ ಕಡೆ ಒಂಚೂರೂ ಅಲ್ಲಾಡಲ್ಲ ಅಂತ ಇಟ್ಕೊಂಡಿದ್ದೆ."

"ಹಾಗೆ ಯಾಕೆ ಇಟ್ಕೊಂಡೆ?"

"ಹಿಂದೆ ಪರೀಕ್ಷೆ ಮಾಡಿದಾಗ ಹಾಗೇ ಬಂದಿತ್ತು. ಗಟ್ಟಿ ಇದೆ ಅಂತ ರಿಪೋರ್ಟ್ ಇತ್ತು."

ತಿಗ್ರಾನ್ ಕೈಯಲ್ಲಿದ್ದ ಸಿಹಿ ಬ್ರೆಡ್ಡನ್ನು ತಟ್ಟೆಗೆ ಹಾಕಿದ. ಇಬ್ಬರೂ ವಿಮಾನದ ಬಿಡಿಭಾಗ ಮಾಡುವ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಅದು ಬಾಗಿಲು ಹಾಕಿದ ಮೇಲೆ ಅವನು ಬರ್ಬ್ಯಾಂಕಿನಲ್ಲಿ ಎಲ್ಲೋ ಸೇರಿಕೊಂಡ. ಅದಕ್ಕೂ ಮೊದಲು ನಾಳೆ ಇವಳು ಸಂದರ್ಶನಕ್ಕೆ ಹೋಗಲಿರುವ ರಾಕೆಟ್ ಕಂಪನಿಗೇ ಹೋಗಿ ಮುಗ್ಗರಿಸಿ ಬಂದಿದ್ದ.

"ಯಾವ ರಿಪೋರ್ಟೇ? ಆ ಪರೀಕ್ಷೆಗಳೆಲ್ಲ ಮಾಡಿದ್ದು ನಾನು. ಬುರುಡೆ ಬಿಡ್ತಿದೀಯ."

"ಏನೋ ಒಂದು ಹೇಳ್ಬೇಕಲ್ಲ."

"ಅದೇ ಹೇಳ್ಬಾರದು. ಅವರು ಯಾಕೆ ಯಾಕೆ ಅಂತ ಕೊರೆಯೋದೇ ನಿನಗೆ ಗೊತ್ತಿರೋದು ಎಲ್ಲಿ ಮುಗಿಯತ್ತೆ ನೋಡೋಕೆ. ಅಲ್ಲಿಗೆ ಬಂದಾಗ ಗೊತ್ತಿಲ್ಲ ಅನ್ನು. ಹೇಗೆ ಕಂಡುಹಿಡೀತೀನಿ ಅನ್ನೋದನ್ನ ಹೇಳು. ನಾನು ಬುರುಡೆ ಬಿಟ್ಟೆ ನೋಡು, ಊಟಕ್ಕೆ ಮುಂಚೆನೇ ಗೇಟಿನವರೆಗೂ ಬಂದು ಕಳಿಸಿಕೊಟ್ರು. ಹಸ್ಕೊಂಡು ಮನೆಗೆ ಹೋದೆ. ಎಲ್ಲಿ, ಒಂದ್ಸಲ ಅನ್ನು. ಗೊತ್ತಿಲ್ಲ."

ಅವಳು ಬಾಯಿ ತೆರೆದಳು. ಆಮೇಲೆ ಹಾಗೇ ಮುಚ್ಚಿಕೊಂಡು, ಫ್ರಿಜ್ಜಿನ ಮೇಲಿನ ಬಾಣವನ್ನು ಇನ್ನಷ್ಟು ದಪ್ಪ ಮಾಡಿದಳು.

ಗೊತ್ತಿಲ್ಲ ಎಂಬ ಮಾತನ್ನು ಅವಳು ಕೊನೆಯ ಸಲ ಆಡಿದ್ದು ಕೋರ್ಟಿನಲ್ಲಿ. ರಾತ್ರಿ ಪಾಳಿ ಬಿದ್ದ ದಿನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನ್ಯಾಯಾಧೀಶೆ ಮೆತ್ತಗೆ ಕೇಳಿದ್ದಳು. ಯೆಸೆನಿಯಾ ನಿಜವನ್ನೇ ಹೇಳಿದಳು, ಗೊತ್ತಿಲ್ಲ, ಆವತ್ತಿಗೆ ಏನಾದರೂ ಮಾಡಿಕೊಳ್ಳುತ್ತೇನೆ ಅಂತ. ಗಂಡ ರಮೀರೊ ತನ್ನ ತಾಯಿಯ ಹೆಸರನ್ನು ಸಿದ್ಧ ಇಟ್ಟುಕೊಂಡೇ ಬಂದಿದ್ದ. ಶಾಲೆ ಇರುವ ದಿನಗಳೆಲ್ಲ ಅವನ ಪಾಲಾದವು, ಇವಳಿಗೆ ಶನಿವಾರ ಭಾನುವಾರ ಉಳಿದವು. ಆಮೇಲೆ ಯಾರು ಏನು ಕೇಳಿದರೂ ಅವಳ ಬಳಿ ಒಂದು ಉತ್ತರ ಇದ್ದೇ ಇರುತ್ತಿತ್ತು.

ಈಗ ಆ ಎರಡು ದಿನಕ್ಕೂ ಸಂಚಕಾರ ಬಂದಿತ್ತು. ದೂರದ ಕಾನ್ಸಾಸ್‌ನ ವಿಮಾನ ಕಂಪನಿಯೊಂದು ಕೆಲಸ ಕೊಡುತ್ತೇವೆ, ಈ ವಾರದೊಳಗೆ ಉತ್ತರ ಹೇಳಿ ಎಂದಿತ್ತು. ನಾಳೆಯದು ಕೈತಪ್ಪಿದರೆ ಹೋಗಲೇಬೇಕು, ಲಾಸ್ ಏಂಜಲೀಸಿನಲ್ಲಿ ಬಾಡಿಗೆ ಕಟ್ಟಿಸುವಂಥ ಬೇರೆ ಕೆಲಸ ಕಾಣುತ್ತಿರಲಿಲ್ಲ. ಹೋದರೆ ಮಗಳು ಬೇಸಿಗೆ ರಜಕ್ಕೆ ಬರುವ ನೆಂಟಳಾಗಿಬಿಡುತ್ತಾಳೆ. ಅದನ್ನು ನೆನೆದು ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

"ಅಳ್ಬೇಡ ಮಾರಾಯ್ತಿ," ಎಂದು ತಿಗ್ರಾನ್ ಎದ್ದ. "ಮೊದಲು ಒಲೆ ಆರಿಸು, ಬೀನ್ಸ್ ತಳ ಹಿಡೀತಿದೆ." ಬಾಗಿಲವರೆಗೂ ಹೋದವನು ತಿರುಗಿ ನಿಂತ. "ಕನ್ನಡಿ ಮುಂದೆ ನಿಂತಾದ್ರೂ ಹೇಳ್ಕೊಂಡು ಅಭ್ಯಾಸ ಮಾಡು."

ಅವನು ಹೋದ ಮೇಲೆ ಮಗಳು ಪಲೋಮಾ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಕೋಣೆಯಿಂದ ಬಂದಳು. ಒಂಬತ್ತು ವರ್ಷದ ಹುಡುಗಿ. ಭಾನುವಾರ ಸಂಜೆ ಅಪ್ಪನ ಕಾರು ಬರುವ ಮುಂಚೆ ಬ್ಯಾಗು ತುಂಬಿಕೊಳ್ಳುವುದನ್ನು ಅವಳಿಗೆ ಯಾರೂ ನೆನಪಿಸಬೇಕಿರಲಿಲ್ಲ. ತಾಯಿಯ ಕೈಯಿಂದ ಪೆನ್ನು ಕಿತ್ತುಕೊಂಡು ತೊಲೆಯ ತುದಿಯಲ್ಲಿ, ಬಾಣದ ಪಕ್ಕದಲ್ಲೇ, ಕಾಲು ಇಳಿಬಿಟ್ಟು ಕೂತ ಹುಡುಗಿಯೊಂದನ್ನು ಬರೆದಳು.

"ಇದು ನಾನು. ಅಮ್ಮಾ, ಈ ಗೋಡೆಗೆ ಯಾಕೆ ಇಷ್ಟೊಂದು ಗೀಟು?"

"ಅದು ಅಲ್ಲಾಡಲ್ಲ ಅಂತ ಗುರುತು."

"ಅಲ್ಲಾಡದೇ ಇರೋ ಗೋಡೆ ಇರತ್ತಾ?" ಭೂಕಂಪ ಬಂದರೆ ಹೇಗೆ ಅಂತ ಶಾಲೆಯಲ್ಲಿ ಆಗಾಗ ಮೇಜಿನ ಕೆಳಗೆ ತೂರಿ ಅಭ್ಯಾಸ ಮಾಡುವ ಮಗು. ಹೋದ ವರ್ಷ ಇದೇ ಅಡುಗೆಮನೆಯ ತಟ್ಟೆಗಳು ಕಪಾಟಿನಿಂದ ಹಾರಿದ್ದನ್ನು ಕಣ್ಣಾರೆ ಕಂಡಿದ್ದಳು.

"ಇರಲ್ಲ. ಲೆಕ್ಕಕ್ಕೆ ಅಂತ ಹಾಗೆ ಇಟ್ಕೊಳ್ತೀವಿ."

"ಯಾಕೆ?"

ಯೆಸೆನಿಯಾ ಗೋಡೆಯ ಗೀಟುಗಳನ್ನೇ ನೋಡಿದಳು. "ಗೊತ್ತಿಲ್ಲ ಕಣೇ," ಎಂದಳು. "ಎಲ್ಲರೂ ಹಾಗೇ ಇಟ್ಕೊಳ್ತಿದ್ರು. ನಾನು ಕೇಳೋಕೇ ಹೋಗ್ಲಿಲ್ಲ."

ಹೇಳಿಬಿಟ್ಟಿದ್ದಳು. ಮಗಳು ಮಾತ್ರ ಹೂಂ ಎಂದು ತಲೆಯಾಡಿಸಿ, ಚಿತ್ರದ ಹುಡುಗಿಗೆ ಎರಡು ಜಡೆ ಹಾಕುತ್ತಿದ್ದಳು. ಹೊರಗೆ ಕಾರು ಬಂದು ನಿಂತ ಸದ್ದಾಯಿತು.

"ಕೆಲಸ ಸಿಗದೇ ಇದ್ರೆ ನೀನು ಕಾನ್ಸಾಸ್‌ಗೆ ಹೋಗ್ತೀಯಾ?" ಫ್ರಿಜ್ಜಿನ ಕಡೆ ಮುಖ ಮಾಡಿಕೊಂಡೇ ಕೇಳಿದಳು ಪಲೋಮಾ.

ಸಿಕ್ಕೇ ಸಿಗತ್ತೆ, ನೀನು ಸುಮ್ಮನಿರು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಯೆಸೆನಿಯಾ ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ, ಚಿನ್ನಾ."

ಪಲೋಮಾ ಈಗ ತಿರುಗಿ ಅವಳ ಮುಖವನ್ನು ನೋಡಿದಳು. ಕಣ್ಣು ತುಂಬಿಕೊಂಡಿತ್ತು, ಆದರೆ ನೋಟ ಕೀಳಲಿಲ್ಲ. "ಹಾಗಾದ್ರೆ ಇದಾದ್ರೂ ಹೇಳು. ನಾನು ಇಲ್ಲಿ ಕೂತ್ರೆ ಇದು ಎಷ್ಟು ಬಗ್ಗತ್ತೆ?"

"ಅದೂ ಗೊತ್ತಿಲ್ಲ. ಕಂಡುಹಿಡೀಬಹುದು. ಮೊದಲು ನಿನ್ನ ತೂಕ ಬೇಕು."

ಹುಡುಗಿ ಬಚ್ಚಲುಮನೆಗೆ ಓಡಿ ತೂಕದ ಯಂತ್ರವನ್ನು ಎತ್ತಿ ತಂದು ಫ್ರಿಜ್ಜಿನ ಮುಂದೆ ಇಟ್ಟಳು. ಹೊರಗೆ ರಮೀರೊ ಹಾರ್ನ್ ಮಾಡಿದ.

"ಬ್ಯಾಗು ಹಾಕ್ಕೊಂಡೇ ನಿಲ್ಲಲಾ?"

"ಬೇಡ. ಕೆಳಗಿಡು."

ಪಲೋಮಾ ಬ್ಯಾಗು ಇಳಿಸಿ, ಶೂ ಬಿಚ್ಚಿ ಹತ್ತಿ ನಿಂತಳು. ಎರಡನೇ ಸಲ ಹಾರ್ನ್ ಕೇಳಿತು. ಯೆಸೆನಿಯಾ ಗೋಡೆಯ ಗೀಟುಗಳನ್ನು ಅಂಗೈಯಿಂದ ಒರೆಸಿ ಹಾಕಿ, ಪೆನ್ನು ಎತ್ತಿಕೊಂಡು ಮುಚ್ಚಳ ತೆಗೆದು, ಮಗಳ ಕಾಲ ಬಳಿ ಬಗ್ಗಿದಳು. ಯಂತ್ರದ ಮುಳ್ಳು ಇನ್ನೂ ಅತ್ತಿತ್ತ ಓಲಾಡುತ್ತಿತ್ತು.

"ಅಲ್ಲಾಡಬೇಡ," ಎಂದಳು.