ಜಾಂಗಿಲ್‌ಳ ಸಭೆಗೆ ಅತ್ತೆ ಬಂದದ್ದು

ಜಾಂಗಿಲ್‌ಳ ಕಂಪ್ಯೂಟರಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಗುಂಡಿ ಒತ್ತಿ, ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದರೆ ಆಗ ತಾನೇ ಕಣ್ಣು ಬಿಡುತ್ತಿರುತ್ತಿತ್ತು. ಇಂಟರ್ನೆಟ್ಟಂತೂ ಬೆಟ್ಟಗಳನ್ನು ದಾಟಿ ಅವಳ ಹಳ್ಳಿ ಆತ್‌ಬಾಶಿಗೆ ಬರುವಷ್ಟರಲ್ಲಿ ಸುಸ್ತಾಗಿ ಎಲ್ಲೋ ಕೂತುಬಿಡುತ್ತಿತ್ತು. ಆದರೂ ರಾಜಧಾನಿ ಬಿಶ್ಕೆಕ್‌ನ ಪ್ರವಾಸ ಕಚೇರಿಯೊಂದರ ಕೆಲಸವನ್ನು ಅವಳು ತನ್ನ ಅಡುಗೆಮನೆಯಿಂದಲೇ ನಿಭಾಯಿಸುತ್ತಿದ್ದಳು. ಒಂದು ಪುಟ ತೆರೆಯುವಷ್ಟರಲ್ಲಿ ಹಿಟ್ಟು ನಾದುವುದು, ಒಂದು ಚಿತ್ರ ಹೋಗಿ ಮುಟ್ಟುವಷ್ಟರಲ್ಲಿ ಬಟ್ಟೆ ಒಣಹಾಕುವುದು. ಸುಮ್ಮನೆ ಕೂತು ಕಾಯುವುದು ಅವಳ ಜಾಯಮಾನವಲ್ಲ.

ಆ ದಿನ ಪಕ್ಕದ ಮನೆಯ ಮಗು ಮೊದಲ ಹೆಜ್ಜೆ ಇಟ್ಟ ಸಂಭ್ರಮ. ಊಟದ ಹಾಸುಬಟ್ಟೆ ತುಂಬುವಷ್ಟು ಹಿಟ್ಟಿನುಂಡೆಗಳ ಬೋರ್ಸೋಕ್ ಕರಿದುಕೊಡುತ್ತೇನೆಂದು ಅತ್ತೆ ಉರುಮ್‌ಕಾನ್ ಮಾತು ಕೊಟ್ಟಿದ್ದಳು. ಮಾತು ಅತ್ತೆಯದು, ಕರಿಯುವುದು ಸೊಸೆಯದು. ಸರಿಯಾಗಿ ಅದೇ ಹೊತ್ತಿಗೆ ಸಾಹೇಬ ತೊಕ್ತೊಸುನ್ ವಿಡಿಯೋ ಸಭೆ ಕರೆದ.

ಜಾಂಗಿಲ್ ಒಲೆಯ ಮುಂದೆಯೇ ಕಂಪ್ಯೂಟರ್ ಇಟ್ಟು, ಭುಜದಿಂದ ಮೇಲಷ್ಟೇ ಕಾಣುವಂತೆ ಓರೆ ಮಾಡಿದಳು. ಮೇಲೆ ತಲೆ ಆಡುತ್ತಿತ್ತು, ಕೆಳಗೆ ಜಾಲರಿ ಸೌಟು ಆಡುತ್ತಿತ್ತು. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು.

"ಜಾಂಗಿಲ್, ಸೋನ್‌ಕುಲ್ ಸರೋವರದ ದಂಡೆಯ ಡೇರೆಗಳಲ್ಲಿ ಈ ಸಲ ಎಷ್ಟು ಜನಕ್ಕೆ ಜಾಗ ಇದೆ?" ಎಂದು ಕೇಳಿದ ಸಾಹೇಬ.

ಆ ಡೇರೆಗಳ ಕುರುಬರಿಗೆ ಜಾಂಗಿಲ್ ಫೋನ್ ಮಾಡಿ ಕೇಳಬೇಕಿತ್ತು, ಮರೆತೇಹೋಗಿತ್ತು. ಆಗ ಅವಳಿಗೆ ತುಂಟ ಉಪಾಯವೊಂದು ಹೊಳೆಯಿತು. ಸಂಪರ್ಕ ಕಡಿದು ಅವಳ ಚಿತ್ರ ಸ್ತಬ್ಧವಾದಾಗಲೆಲ್ಲ "ಪಾಪ, ಆತ್‌ಬಾಶಿ ಹೋಯ್ತು" ಎಂದು ಎಲ್ಲರೂ ಮುಂದಕ್ಕೆ ಹೋಗುತ್ತಿದ್ದರಲ್ಲ! ಅರೆಬಾಯಿ ತೆರೆದು, ಒಂದು ಕಣ್ಣು ಅರ್ಧ ಮುಚ್ಚಿ, ಕಲ್ಲಿನ ಹಾಗೆ ಕೂತಳು.

"ಮತ್ತೆ ಹೋಯ್ತು," ಎಂದ ಸಾಹೇಬ.

"ಆದ್ರೆ ಸಾರ್," ಎಂದಳು ಸಹೋದ್ಯೋಗಿ ನಾರ್ಗಿಜಾ, "ಮುಂದೆ ಹೊಗೆ ಏಳ್ತಾ ಇದೆಯಲ್ಲ?"

ಬೋರ್ಸೋಕ್ ಸೀಯುತ್ತಿತ್ತು. ಜಾಂಗಿಲ್‌ಳ ಕಣ್ಣಲ್ಲಿ ನೀರು ತುಂಬಿತು, ಮೂಗು ಚುರುಗುಟ್ಟಿತು. ಅಲ್ಲಾಡಲಿಲ್ಲ.

ಸೀದ ವಾಸನೆಗೆ ಉರುಮ್‌ಕಾನ್ ಒಳಗೆ ಓಡಿಬಂದಳು. ನೋಡುತ್ತಾಳೆ: ಸೊಸೆ ಬಾಯಿಬಿಟ್ಟುಕೊಂಡು ಮರಗಟ್ಟಿ ಕೂತಿದ್ದಾಳೆ.

"ಅಯ್ಯಯ್ಯೋ, ನನ್ನ ಸೊಸೆಗೆ ಏನೋ ಬಡೀತಲ್ಲಪ್ಪೋ!"

ಕೈಯಲ್ಲಿದ್ದ ಬಟ್ಟಲ ಮಜ್ಜಿಗೆಯನ್ನು ಪೂರ್ತಿ ಮುಖಕ್ಕೆ ಎರಚಿದಳು. ಜಾಂಗಿಲ್ ಕಿಟಾರನೆ ಕಿರುಚಿ ಎದ್ದು ನಿಂತಳು.

ತೊಕ್ತೊಸುನ್ ಗಂಟಲು ಸರಿಮಾಡಿಕೊಂಡ. "ಸಂಪರ್ಕ ಈಗ ಸರಿಹೋಯ್ತಾ, ಜಾಂಗಿಲ್?"

ಉತ್ತರ ಕೊಟ್ಟವಳು ಅತ್ತೆ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತೇಬಿಟ್ಟಳು.

"ನೀನ್ಯಾವನಯ್ಯಾ, ನನ್ನ ಸೊಸೆಗೆ ಇಷ್ಟು ದಿಗಿಲು ಹುಟ್ಟಿಸಿದೋನು?"

"ನಾನು ಅವರ ಮೇಲಧಿಕಾರಿ, ಅಪಾ," ಎಂದ ಸಾಹೇಬ, ಹಿರಿಯಳಿಗೆ ಸಲ್ಲುವ ಗೌರವದಿಂದ.

"ನಿಮ್ಮವ್ವ ಹೆಸರಿಟ್ಟಿದ್ದು ಮೇಲಧಿಕಾರಿ ಅಂತಾನಾ? ಯಾರ ಮಗ? ಯಾವ ಕುಲ? ಅಜ್ಜಿ ಯಾವೂರು?"

ಏಳು ತಲೆಮಾರಿನ ಹೆಸರು ಹೇಳದ ಗಂಡಸನ್ನು ಉರುಮ್‌ಕಾನ್ ಗಂಡಸೆಂದೇ ಲೆಕ್ಕಕ್ಕೆ ಹಿಡಿಯುವವಳಲ್ಲ. ತೊಕ್ತೊಸುನ್ ಐದನೆಯವನಲ್ಲೇ ತಡವರಿಸಿದ. ಈ ಗದ್ದಲದಲ್ಲಿ ಜಾಂಗಿಲ್ ಒಲೆ ಆರಿಸಿ, ಹುಬ್ಬಿನಿಂದ ಮಜ್ಜಿಗೆ ಒರೆಸಿಕೊಳ್ಳುತ್ತ, ಕೊಟ್ಟಿಗೆಗೆ ಓಡಿ ಕುರುಬರಿಗೆ ಫೋನ್ ಹಚ್ಚಿದಳು.

ತಿರುಗಿ ಬಂದಾಗ ಅತ್ತೆ ಪರದೆಯನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಸಾಹೇಬ ಬೆರಳೆತ್ತಿ, ಕಣ್ಣು ಮುಚ್ಚಿ ಸ್ತಬ್ಧನಾಗಿದ್ದ. ಈ ಸಲ ನಿಜವಾಗಿಯೇ ಸಂಪರ್ಕ ಹೋಗಿತ್ತು.

"ನೋಡೇ, ಇವನೂ ನಿನ್ನ ಹಾಗೇ ಆಟ ಕಟ್ತಾನೆ. ಐದನೇ ಅಜ್ಜನ ಹೆಸರು ಬರಲ್ಲ ಅವನಿಗೆ! ಹೇಳೋವರ್ಗೂ ನಾನು ಏಳಲ್ಲ."

ಹಟ ಹಿಡಿದು ಕೂತಳು. ಕೊನೆಗೆ ಸಾಹೇಬ ಕದಲಿದಾಗ, ಅವನ ಅಜ್ಜಿಯ ತವರು ಬೆಟ್ಟದಾಚೆಯ ತನ್ನ ತವರೂರೇ ಎಂದು ತಿಳಿದು, ಉರುಮ್‌ಕಾನ್ ಅವನಿಗೆ ದೂರದ ಸೋದರತ್ತೆಯಾಗಿಬಿಟ್ಟಳು.

"ನಲವತ್ತು ಜನಕ್ಕೆ ಜಾಗ ಇದೆ ಸಾರ್," ಎಂದು ಜಾಂಗಿಲ್ ಹಿಂದಿನಿಂದ ಕೂಗಿದಳು.

"ಇದನ್ನ ಮೊದಲೇ ಹೇಳಿದ್ರೆ..."

"ಏನಂದೆ?" ಎಂದಳು ಸೋದರತ್ತೆ.

"ಏನಿಲ್ಲ, ಅಪಾ."

ಮುಂದಿನ ವಾರ ಸಭೆಯ ಹೊತ್ತಿಗೆ ಉರುಮ್‌ಕಾನ್ ಹೊಸ ತಲೆವಸ್ತ್ರ ಕಟ್ಟಿಕೊಂಡು ಎಲ್ಲರಿಗಿಂತ ಮೊದಲೇ ಹಾಜರು.

"ಸರಿ ಆ ಕಡೆ," ಎಂದು ಸೊಸೆಯನ್ನು ಮೊಣಕೈಯಿಂದ ತಳ್ಳಿದಳು. "ಆ ನಾರ್ಗಿಜಾಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಅಂತ ವಿಚಾರಿಸೋದಿದೆ."