ತಲೆಕೆಳಗಾದ ಮೂರನೇ ಅಕ್ಷರ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಚ್ಚಕ್ಕ ಎನ್ನುತ್ತಿದ್ದರು. ಬಿಸ್ಕತ್ತಿಗೆ ಹಿತ್ತಾಳೆ ಅಚ್ಚು ಕೊರೆಯುವುದು ಅವಳ ಕೆಲಸ. ಅವಳಿಗಿಂತ ಮುಂಚೆ ಅವಳ ಅಪ್ಪನದು. ಕಂಪನಿಗೆ ನೂರು ತುಂಬಲು ನಾಲ್ಕು ತಿಂಗಳಿದೆ ಎನ್ನುವಾಗ ಯಜಮಾನಿ ಅವಳನ್ನು ಕರೆಸಿದಳು. ಕಂಪನಿ ಕಟ್ಟಿದ ಹಿರಿಯರ ಮೊಮ್ಮಗಳು ಆಕೆ.

"ಬಿಸ್ಕತ್ತಿನ ಮೇಲಿರೋ ನಮ್ಮ ಹೆಸರಲ್ಲಿ ಮೂರನೇ ಅಕ್ಷರ ತಲೆಕೆಳಗಾಗಿದೆಯಲ್ಲಾ ಅಚ್ಚಕ್ಕ, ಈ ಸಲ ಸರಿ ಮಾಡಿಬಿಡಿ."

ಅಚ್ಚಕ್ಕನ ಮುಖ ಬಿಸಿಯಾಯಿತು. ಅದು ಅಪ್ಪ ಇಪ್ಪತ್ತೆರಡರ ಹರೆಯದಲ್ಲಿ ಮಾಡಿದ ಎಡವಟ್ಟು. ಅವನಿಗೆ ಓದು ಬರದು; ಚೀಟಿ ನೋಡಿ ಕೊರೆಯುತ್ತಿದ್ದ. ಗೊತ್ತಾಗುವಷ್ಟರಲ್ಲಿ ಮಾಲು ಅಂಗಡಿ ಅಂಗಡಿಗೂ ಹೋಗಿಯಾಗಿತ್ತು. ಹಿರಿಯರು ಬೈಯಲಿಲ್ಲ. "ತಿನ್ನೋರು ಓದ್ಕೊಂಡು ತಿಂತಾರೇನಯ್ಯಾ?" ಎಂದು ನಕ್ಕು, ಅಚ್ಚನ್ನು ಹಾಗೇ ಬಿಟ್ಟರು. ಅಪ್ಪನಿಗೆ ಆ ನಗುವೇ ಮುಳ್ಳಾಯಿತು. ಹೊಟ್ಟೆಬಟ್ಟೆ ಕಟ್ಟಿ ಮಗಳನ್ನು ಓದಿಸಿದ.

ಅಚ್ಚಕ್ಕ ಮೂರು ವಾರ ಕೂತು ಹೊಸ ಅಚ್ಚು ಕೊರೆದಳು. ಕಣ್ಣು ಮಂಜಾಗಿದ್ದ ಅಪ್ಪ ಅದನ್ನು ಹೆಬ್ಬೆರಳಿನಿಂದ ಸವರಿ, "ಈಗ ನೆಟ್ಟಗಿದೆ ತಾನೇ?" ಎಂದ.

"ನೆಟ್ಟಗಿದೆ ಅಪ್ಪ."

ಹದಿನೈದೇ ದಿನ. ಹೊಸ ಅಚ್ಚಿನ ಬಿಸ್ಕತ್ತು ಡಬ್ಬಗಳು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸಾದವು. ಅಂಗಡಿಯವನೊಬ್ಬ ಗೇಟಿನಲ್ಲೇ ರೇಗಿದ: "ನಕಲಿ ಮಾಲು ಕಳಿಸ್ತೀರಾ? ಅಸಲಿಯಲ್ಲಿ ಒಂದಕ್ಷರ ಉಲ್ಟಾ ಇರತ್ತೆ. ಮಕ್ಕಳಿಗೂ ಗೊತ್ತು!"

ಯಜಮಾನಿ ಹಳೆಯ ಅಚ್ಚನ್ನೇ ಯಂತ್ರಕ್ಕೆ ಕೂರಿಸಿದಳು. ಆಮೇಲೆ ಅಚ್ಚಕ್ಕನ ಮನೆಗೆ ತಾನೇ ಬಂದು ಅಪ್ಪನ ಎದುರು ಕುಳಿತಳು.

"ನೂರು ವರ್ಷದ ಪುಸ್ತಕ ಬರೆಸ್ತಿದೀವಿ ಅಜ್ಜಾ. ನಕಲಿ ಮಾಲು ಗೊತ್ತಾಗ್ಲಿ ಅಂತ ತಾತ ಬೇಕಂತ್ಲೇ ಹಾಗೆ ಕೊರೆಸಿದ್ರು ಅಂತ ಹಾಕೋಣ. ನಿಮಗೂ ಮರ್ಯಾದೆ."

ಅಚ್ಚಕ್ಕನಿಗೆ ಹೋದ ಜೀವ ಬಂದಂತಾಯಿತು. ಅಪ್ಪ ಮಾತ್ರ ಅಡ್ಡಡ್ಡ ತಲೆಯಾಡಿಸಿದ.

"ಬೇಡ ತಾಯಿ. ಕೊರೆದವನು ನಾನು, ತಪ್ಪಿದ್ದೂ ನಾನೇ. ಅರವತ್ತು ವರ್ಷ ಒಳಗೊಳಗೇ ಬೆಂದಿದೀನಿ, ಅದನ್ನ ಸುಳ್ಳು ಮಾಡಬೇಡಿ. ನಿಮ್ಮ ತಾತ ಬೈಲಿಲ್ಲ, ಕೆಲಸದಿಂದ ತೆಗೀಲಿಲ್ಲ. ಬೇಕಾದ್ರೆ ಅದನ್ನ ಬರೀರಿ."

ಯಜಮಾನಿ "ಆಗಲಿ" ಎಂದಳು.

ಪುಸ್ತಕದಲ್ಲಿ ಅದು ನಾಲ್ಕು ಸಾಲಾಯಿತು. ಅಚ್ಚಕ್ಕ ಅಪ್ಪನಿಗೆ ಓದಿ ಹೇಳಿದಳು. ಮಗಳು ಎಲ್ಲಿ ತೇಪೆ ಹಾಕಿ ಓದಿದಳೋ ಎಂಬ ಗುಮಾನಿಯಿಂದ, ಅವನು ಪಕ್ಕದ ಮನೆ ಟೈಲರನ ಕೈಯಲ್ಲೂ ಒಮ್ಮೆ ಓದಿಸಿಕೊಂಡ.