ಬ್ರೇಕ್ ಎಣ್ಣೆಯ ಬಣ್ಣ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸೂಜಿ ಅಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ ಅವಳದು. "ನಾನು ಸಿಹಿ ಮುಟ್ಟೋದೇ ಇಲ್ಲ" ಎಂದು ಯಾವ ರೋಗಿ ಆಣೆ ಮಾಡಿದರೂ "ಆಯ್ತು, ಕೈ ಚಾಚಿ" ಎಂದಷ್ಟೇ ಹೇಳುತ್ತಿದ್ದಳು. ಬಾಯಿ ಸುಳ್ಳು ಹೇಳಬಹುದು, ರಕ್ತ ಹೇಳುವುದಿಲ್ಲ ಎಂಬುದು ಅವಳ ಅನುಭವ.

ಅಂಥವಳು ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡಳು. ಕಡುಹಸಿರು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ಕುಳ್ಳು. ಮಾರಿದವರು ನಿವೃತ್ತ ಸರ್ವೇಯರು. ಮಗಳ ಮನೆಯಲ್ಲಿದ್ದರು. ಕಾರಿನ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟರು. ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಯಾವ್ಯಾವಾಗ ಬದಲಾಯಿಸಿದ್ದು ಎಂದು ಹತ್ತು ವರ್ಷದ ತಾರೀಖು ಸಮೇತ ಮುತ್ತು ಪೋಣಿಸಿದಂತೆ ಬರೆದಿತ್ತು. "ಮಾರೋದು ಯಾಕೆ?" ಎಂದು ಕೇಳಿದಾಗ ಮಾತ್ರ ಸರ್ವೇಯರು ಕಿಟಕಿಯ ಕಡೆ ನೋಡಿ, "ಸಾಕಾಯ್ತು, ಅಷ್ಟೇ" ಎಂದಿದ್ದರು.

ಅವಳ ಗಂಡನಿಗೆ ಬೀಗ ರಿಪೇರಿ ಮಾಡುವ ಅಂಗಡಿ. ಜಗತ್ತಿನಲ್ಲಿ ಅವನು ನಂಬಿದ್ದು ಎರಡನ್ನೇ: ಹಿತ್ತಾಳೆ ಮತ್ತು ಅವಳು. ಕಾರಿನ ಸುತ್ತ ಒಂದು ಸುತ್ತು ಬಂದು ಗಲ್ಲ ಕೆರೆದುಕೊಂಡ.

"ಬೀಗ ಹೊಳೀತಾ ಇದ್ರೆ, ಬಾಗಿಲು ಒಂದ್ಸಲ ಒಡೆದಿತ್ತು ಅಂತ ಲೆಕ್ಕ ಕಣೇ. ಇಷ್ಟು ಚೆನ್ನಾಗಿರೋ ಗಾಡೀನ ಯಾವನು ಮಾರ್ತಾನೆ?"

"ಸುಮ್ನಿರಿ, ಅಪಶಕುನ ನುಡೀಬೇಡಿ" ಎಂದಳು. ಆದರೆ ನೋಟ್‌ಬುಕ್ಕು ಅವಳಿಗೂ ಚುಚ್ಚುತ್ತಿತ್ತು. ಹತ್ತು ವರ್ಷದ ಲೆಕ್ಕವೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಸಲ ಕೂತು ಬರೆದಂತಿತ್ತು. ಒಂದು ಕಡೆಯೂ ಕೊಳೆ ಬೆರಳಿನ ಗುರುತಿಲ್ಲ.

ಶನಿವಾರ ಮಧ್ಯಾಹ್ನ ಬಾನೆಟ್ ಎತ್ತಿ, ಹೊಸ ಸಿರಿಂಜುಗಳಿಂದ ಒಂದೊಂದು ದ್ರವವನ್ನೂ ಎಳೆದು ಸಣ್ಣ ಬಾಟಲಿಗಳಿಗೆ ತುಂಬಿ ಚೀಟಿ ಅಂಟಿಸಿದಳು. ಎಂಜಿನ್ ಆಯಿಲ್ ತಿಳಿಯಾಗಿತ್ತು. ಕೂಲೆಂಟಿನ ಬಣ್ಣ ಎದ್ದು ಕಾಣುತ್ತಿತ್ತು. ಬ್ರೇಕ್ ಆಯಿಲ್ ಮಾತ್ರ ಕುದಿಸಿ ಬಿಟ್ಟ ಚಹಾದಷ್ಟು ಕಪ್ಪು. ಹೊಸದಾದರೆ ಅದು ಜೇನಿನ ಬಣ್ಣದಲ್ಲಿರಬೇಕು. ಗಾಳಿಯ ತೇವ ಹೀರಿ ಹೀರಿ ಅದರಲ್ಲಿ ನೀರು ಸೇರಿಕೊಳ್ಳುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂದು ಕಾರಿನ ಕೈಪಿಡಿಯಲ್ಲಿತ್ತು. ನೋಟ್‌ಬುಕ್ಕಿನ ಪ್ರಕಾರ ಇದನ್ನು ಬದಲಾಯಿಸಿ ಬರೀ ಏಳು ತಿಂಗಳು.

"ಸಿಕ್ಕಿಬಿದ್ದರು ಸರ್ವೇಯರು" ಎಂದಳು. ಗಂಡ ಗೆದ್ದವನಂತೆ ಮೀಸೆಯಡಿ ನಕ್ಕ.

ಸೋಮವಾರ ಕಾರನ್ನು ಮಾರುಕಟ್ಟೆಯ ಹಿಂದಿನ ಗ್ಯಾರೇಜಿಗೆ ಒಯ್ದಳು. ಸ್ಪೋರ್ಟ್ಸ್ ಕಾರಿಗೆ ಕೈ ಹಾಕುವವನು ಆ ಊರಲ್ಲಿ ಅವನೊಬ್ಬನೇ. ಜನ ಅವನನ್ನು ಗುರುಗಳು ಎಂದೇ ಕರೆಯುತ್ತಿದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿದು ಗುರುಗಳು ಲೊಚಗುಟ್ಟಿದರು.

"ಐದಾರು ವರ್ಷದಿಂದ ಯಾರೂ ಇದನ್ನ ಮುಟ್ಟಿಲ್ಲ ಅಕ್ಕಾ. ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ."

"ಈ ಗಾಡಿ ನಿಮ್ಮ ಹತ್ರ ಬಂದಿತ್ತಾ ಯಾವತ್ತಾದ್ರೂ?"

"ಇಲ್ಲಪ್ಪ. ಇಂಥಾ ಗಾಡಿ ಒಂದ್ಸಲ ನೋಡಿದ್ರೆ ಮರೆಯೋದುಂಟಾ?"

ಸಂಜೆ ಕಾರು ವಾಪಸ್ಸು ಬಂತು. ಬಾನೆಟ್ ಎತ್ತಿ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಎಣ್ಣೆ ಜೇನಿನಂತೆ ಹೊಳೆಯುತ್ತಿತ್ತು. ಅವಳ ಮನಸ್ಸು ತಣ್ಣಗಾಯಿತು. ಸರ್ವೇಯರ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಒಬ್ಬಳೇ ಗುಡ್ಡದ ರಸ್ತೆಗೆ ಹೋದಳು. ಹತ್ತುವಾಗ ಕಾರು ಚಿಗರೆಯಂತೆ ನೆಗೆಯಿತು. ಇಳಿಯುವಾಗ ತಿರುವಿಗೊಮ್ಮೆ ಬ್ರೇಕು ಒತ್ತುತ್ತ ಬಂದಳು. ಏಳೋ ಎಂಟೋ ತಿರುವು ದಾಟಿದ ಮೇಲೆ ಪೆಡಲು ಮೆತ್ತಗಾಯಿತು. ಮತ್ತೆ ಒತ್ತಿದಳು. ಹಸಿ ಹಿಟ್ಟಿನೊಳಗೆ ಕಾಲಿಟ್ಟಂತೆ ಅದು ನೆಲದವರೆಗೂ ಇಳಿದು ಹೋಯಿತು. ಕಾರು ನಿಲ್ಲಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಬದಿಯಲ್ಲಿ ಸುರಿದಿದ್ದ ಮರಳಿನ ರಾಶಿಗೆ ಮೂತಿ ತೂರಿಸಿ ನಿಲ್ಲಿಸಿದಳು.

ಗಂಡ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಅವನು ಒಳಗೆ ಕೂತು ಪೆಡಲು ಒತ್ತಿದ. ಕಲ್ಲಿನಂತೆ ಗಟ್ಟಿಯಾಗಿತ್ತು.

"ಬ್ರೇಕು ಸರಿಯಾಗೇ ಇದೆಯಲ್ಲೇ. ಗಾಬರೀಲಿ ಕ್ಲಚ್ ಒತ್ತಿರಬೇಕು ನೀನು."

ಅವಳು ತನ್ನ ಕಾಲನ್ನೇ ನೋಡಿಕೊಂಡಳು. ನಿಜಕ್ಕೂ ಕ್ಲಚ್ ಒತ್ತಿದೆನೇ? ಒಂದು ಕ್ಷಣ ಅವಳಿಗೆ ಅವಳ ಮೇಲೇ ಅನುಮಾನ ಬಂತು. ಆಮೇಲೆ ಆ ಅನುಮಾನ ಸಿಟ್ಟಾಗಿ ತಿರುಗಿತು. ಒಂದನೇ ಗೇರಿನಲ್ಲೇ ನಿಧಾನ ಇಳಿಸಿಕೊಂಡು ನೆಟ್ಟಗೆ ಸರ್ವೇಯರ ಮನೆಗೆ ಬಂದಳು.

ಸರ್ವೇಯರು ಅಂಗಳದಲ್ಲಿ ಪೇಪರು ಓದುತ್ತಿದ್ದರು. ಅವಳು ಕಾರಿನಲ್ಲೇ ಇಟ್ಟುಕೊಂಡಿದ್ದ ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದಳು.

"ಒಂದೇ ದಿನ ಕೂತು ಬರೆದ ಸುಳ್ಳಲ್ವಾ ಇದು? ಇವತ್ತು ಗುಡ್ಡ ಇಳೀವಾಗ ಬ್ರೇಕು ನೆಲ ಕಚ್ಚಿತು. ನಾನು ಸತ್ತೇ ಹೋಗ್ತಿದ್ದೆ."

ಅವರು ಸಿಟ್ಟಾಗಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಆಮೇಲೆ ತಾನಾಗೇ ಸರಿಹೋಯ್ತಾ?" ಎಂದರು ಮೆಲ್ಲಗೆ.

"ನಿಮಗೆ ಹೇಗೆ ಗೊತ್ತು?"

"ನಿಮಗೂ ಹಾಗೇ ಆಯ್ತಾ..." ಅವರು ಕುರ್ಚಿಯ ಕೈ ಹಿಡಿದುಕೊಂಡರು. "ಆರು ತಿಂಗಳ ಹಿಂದೆ, ಅದೇ ಗುಡ್ಡ. ಪಕ್ಕದಲ್ಲಿ ಮಗಳಿದ್ದಳು. ಗ್ಯಾರೇಜಲ್ಲಿ ತೋರಿಸಿದ್ರೆ, ಬ್ರೇಕಿಗೇನೂ ಆಗಿಲ್ಲ ಯಜಮಾನ್ರೇ, ನಿಮ್ಮ ಕಾಲಿಗೆ ವಯಸ್ಸಾಯ್ತು ಅಂದ. ಮಗಳೂ ಹೆದರಿಬಿಟ್ಟಳು. ನನಗೂ ಹಾಗೇ ಅನ್ನಿಸ್ತು. ಅದಕ್ಕೇ ಮಾರಿದ್ದು. ಅದನ್ನ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು ತಾಯಿ."

"ಮತ್ತೆ ಈ ಪುಸ್ತಕ?"

ಒಳಗೆ ಹೋಗಿ ಇನ್ನೊಂದು ನೋಟ್‌ಬುಕ್ ತಂದರು. ರಟ್ಟೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. "ಈ ಕೊಳಕನ್ನ ಹೇಗೆ ಕೊಡೋದು ಅಂತ ನಿಮಗೋಸ್ಕರ ನೀಟಾಗಿ ಕಾಪಿ ಮಾಡಿದೆ." ಪ್ರತಿ ಪುಟಕ್ಕೂ ಗ್ಯಾರೇಜಿನ ರಸೀದಿ ಅಂಟಿಸಿತ್ತು. ಎಲ್ಲದರ ಮೇಲೂ ಇದ್ದದ್ದು ಗುರುಗಳ ಸಹಿ.

"ಇಂಥಾ ಗಾಡಿ ನೋಡೇ ಇಲ್ಲ ಅಂದ ಅವನು!"

ಅವಳು ಕಾರಿನ ಪಕ್ಕ ಮಂಡಿಯೂರಿ, ಮೊಬೈಲಿನ ಬೆಳಕನ್ನು ಹಿಂದಿನ ಚಕ್ರದ ಸಂದಿಗೆ ಹಾಯಿಸಿದಳು. ಹಳೆಯ ಎಣ್ಣೆ ಹೊರಗೆ ಬರಬೇಕಾದ ಸಣ್ಣ ತಿರುಪಿನ ಮೇಲೆ ಕೆಸರು ಗಟ್ಟಿಯಾಗಿ ಕೂತಿತ್ತು. ವರ್ಷಗಳಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ನಾಲ್ಕೂ ಚಕ್ರದಲ್ಲಿ ಅದೇ ಕತೆ. ಗುರುಗಳು ಮೇಲಿನ ಡಬ್ಬಿಯಿಂದ ಒಂದಿಷ್ಟು ಹೀರಿ ಹೊಸದನ್ನು ಸುರಿದಿದ್ದರು, ಕೊಳವೆಗಳಲ್ಲಿ ಹಳೆಯದೇ ಉಳಿದಿತ್ತು. ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದರಲ್ಲಿದ್ದ ನೀರು ಕುದಿದು ಆವಿಯಾಗಿ ಪೆಡಲು ಮೆತ್ತಗಾಗುತ್ತಿತ್ತು, ತಣ್ಣಗಾದೊಡನೆ ಪೆಡಲು ಗಟ್ಟಿಯಾಗುತ್ತಿತ್ತು.

"ನಿಮ್ಮ ಕಾಲಿಗೆ ಏನೂ ಆಗಿರಲಿಲ್ಲ" ಎಂದಳು ಅವಳು ಏಳುತ್ತ.

ಸರ್ವೇಯರು ಮನೆಯ ಕಡೆ ತಿರುಗಿ ಕೂಗಿದರು. "ಮಗಳೇ, ಇಲ್ಲಿ ಬಾ. ಇವರು ಹೇಳೋದು ಸ್ವಲ್ಪ ಕೇಳು."

ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದ ಗಂಡ ಅಂಗಡಿಗೆ ಹೋಗಿ ಸೀಲು ಮಾಡಿದ ಎಣ್ಣೆಯ ಡಬ್ಬಿ, ರಬ್ಬರ್ ಕೊಳವೆ, ಸ್ಪ್ಯಾನರು ತಂದ. ಆ ಕೆಲಸಕ್ಕೆ ಇಬ್ಬರು ಬೇಕು. ಸರ್ವೇಯರು ಸೀಟಿನಲ್ಲಿ ಕೂತರು, ಅವಳು ಚಕ್ರದ ಬಳಿ ಚಾಪೆ ಹಾಸಿಕೊಂಡಳು.

"ಒತ್ತಿ ಹಿಡೀರಿ." ತಿರುಪು ಸಡಿಲಿಸಿದಳು. ಕೊಳವೆಯಲ್ಲಿ ಕಪ್ಪು ಎಣ್ಣೆ ಹರಿದು ಬಾಟಲಿಗೆ ಬಿತ್ತು. ಬಿಗಿ ಮಾಡಿದಳು. "ಬಿಡಿ." ನಾಲ್ಕು ಚಕ್ರ ಮುಗಿಯುವಾಗ ಬಿಸಿಲು ಇಳಿದಿತ್ತು. ಕೊಳವೆಯಲ್ಲಿ ಜೇನಿನ ಬಣ್ಣ ಬಂದ ಮೇಲೂ ಅವಳು ಇನ್ನೂ ಹತ್ತು ಸಲ ಒತ್ತಿಸಿದಳು.

ಮರುದಿನ ಅವಳೂ ಸರ್ವೇಯರೂ ಗ್ಯಾರೇಜಿಗೆ ಹೋದರು. ಮೊದಲು ಅವಳೊಬ್ಬಳೇ ಇಳಿದಾಗ ಗುರುಗಳು, "ಬನ್ನಿ ಅಕ್ಕಾ" ಎಂದು ಹಲ್ಲು ಬಿಟ್ಟರು. ಆ ಕಡೆಯ ಬಾಗಿಲು ತೆರೆದು ಸರ್ವೇಯರು ಇಳಿದದ್ದೇ ಹಲ್ಲು ಒಳಗೆ ಹೋಯಿತು. ಅವಳು ಕಪ್ಪು ಎಣ್ಣೆಯ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

"ಇದು ನೀವು ಬದಲಾಯಿಸಿದ ಎಣ್ಣೆ."

"ಕೆಲಸದವರು ಏನೋ ಎಡವಟ್ಟು ಮಾಡಿರಬೇಕು..."

"ಹತ್ತು ವರ್ಷದಿಂದಲೂ ಕೆಲಸದವರೇನಾ? ನನ್ನ ಕಾಲಿಗೆ ವಯಸ್ಸಾಯ್ತು ಅಂದದ್ದೂ ಕೆಲಸದವರಾ?" ಎಂದರು ಸರ್ವೇಯರು. ಅವರ ದನಿ ಇಡೀ ಗ್ಯಾರೇಜಿಗೆ ಕೇಳಿಸುವಂತಿತ್ತು.

ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳಲ್ಲಿ ಒಬ್ಬ ಮೆಲ್ಲಗೆ ಎದ್ದು ತನ್ನ ಕಾರಿನ ಚಕ್ರದ ಸಂದಿಯಲ್ಲಿ ಇಣುಕಿದ. ಆಮೇಲೆ ಇನ್ನೊಬ್ಬ. ರಸೀದಿ ಸಮೇತ ದೂರು ಕೊಟ್ಟ ಎರಡು ವಾರಕ್ಕೆ ಗ್ಯಾರೇಜಿನ ಶಟರು ಇಳಿಯಿತು. ಮೂರು ತಿಂಗಳಾದ ಮೇಲೆ ಬೇರೆ ಬೋರ್ಡು ಹಾಕಿಕೊಂಡು ತೆರೆಯಿತು. ಒಳಗೆ ಯಾರಿದ್ದಾರೋ ನೋಡಲು ಅವಳು ಹೋಗಲಿಲ್ಲ.

ಆ ದಿನ ಗ್ಯಾರೇಜಿನಿಂದ ಹಿಂದಿರುಗುವಾಗ ಸರ್ವೇಯರು ಏನೋ ಕೇಳಲು ತಡವರಿಸುತ್ತಿದ್ದರು. ಕಾರು ವಾಪಸ್ಸು ಕೇಳುತ್ತಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಕೊಡಲ್ಲ" ಎಂದುಬಿಟ್ಟಳು ಮೊದಲೇ. "ಬೇಜಾರು ಮಾಡ್ಕೋಬೇಡಿ. ನನಗೂ ಇದರ ಮೇಲೆ ಆಸೆ ಕೂತಿದೆ."

ಅವರು ಜೋರಾಗಿ ನಕ್ಕರು. "ಕಾರು ನಿಮ್ಮದೇ ತಾಯಿ. ಗುಡ್ಡದವರೆಗೂ ನಾನು ಓಡಿಸಲಾ ಅಂತ ಕೇಳೋಣ ಅಂತಿದ್ದೆ."

ಅವಳು ಕಾರು ಬದಿಗೆ ನಿಲ್ಲಿಸಿ ಸೀಟು ಬದಲಾಯಿಸಿದಳು. ಗುಡ್ಡ ಇಳಿಯುವಾಗ ಮೊದಲ ಮೂರು ತಿರುವಿನಲ್ಲಿ ಅವಳ ಕೈ ಹ್ಯಾಂಡ್‌ಬ್ರೇಕಿನ ಮೇಲೆಯೇ ಇತ್ತು. ಅವರು ಅದನ್ನು ನೋಡಿಯೂ ನೋಡದಂತೆ ಓಡಿಸಿದರು. ನಾಲ್ಕನೆಯ ತಿರುವಿನಲ್ಲಿ ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.